ಕೆಂಪು ಹೂವಿನ ಮೂರು ಮರ: ದೇವರಾಯನದುರ್ಗದ ನಡಿಗೆಯ ಟಿಪ್ಪಣಿ

ಭಾನುವಾರ ಬೆಳಗ್ಗೆ ತುಮಕೂರು ಬಳಿಯ ನಾಮದ ಚಿಲುಮೆಯಿಂದ ದೇವರಾಯನದುರ್ಗದ ಕಡೆ ನಡೆದೆವು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹೊಂಗೆ, ಬೇವು, ಮಾವು ಎಲ್ಲರಿಗೂ ಗೊತ್ತು, ಅವನ್ನು ಬಿಟ್ಟಿದ್ದೇನೆ. ದಾರಿ ಪಕ್ಕದ ಹಳದಿ ಹೂವಿನ ಪೊದೆ ತಂಗಡಿ. ಅದರಲ್ಲೂ ತಕರಾರಿಲ್ಲ.

ನನ್ನ ತಲೆ ಕೆಟ್ಟಿದ್ದು ಕೆಂಪು ಹೂವಿನ ಮರಗಳಲ್ಲಿ. ಫೆಬ್ರುವರಿ, ಮಾರ್ಚ್‌ನಲ್ಲಿ ಮುತ್ತುಗ, ಬೂರುಗ, ಹಾಲುವಾಣ ಮೂರೂ ಎಲೆ ಉದುರಿಸಿಕೊಂಡು ಬರೀ ಹೂವಾಗಿ ನಿಂತಿರುತ್ತವೆ. ದೂರದಿಂದ ಮೂರೂ ಒಂದೇ ಬೆಂಕಿ.

ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಸೂತ್ರ 'ಮೂರೆಲೆ ಇದ್ದರೆ ಮುತ್ತುಗ'. ಮರದಡಿ ಉದುರಿದ್ದ ಒಣ ಎಲೆ ಎತ್ತಿದೆ. ಒಂದೇ ತೊಟ್ಟಿಗೆ ಮೂರಿತ್ತು. ಧೈರ್ಯವಾಗಿ 'ಮುತ್ತುಗ' ಅಂದೆ. ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನಿಂತು, "ಮುತ್ತುಗ ಅಲ್ಲ ಕಣವ್ವ, ಹಾಲುವಾಣ. ಮುಳ್ಳೈತೆ ನೋಡು" ಅಂದರು. ಕೊಂಬೆಯಲ್ಲಿ ಕಪ್ಪು ಮುಳ್ಳು ಇದ್ದವು. ವೀಳ್ಯದೆಲೆ ಬಳ್ಳಿ ಹಬ್ಬಿಸಲು ಎಲೆತೋಟದಲ್ಲಿ ಇದನ್ನೇ ನೆಡುತ್ತಾರಂತೆ, ಅವರಿಗೆ ಇದು ಮನೆಮರ.

ಸೂತ್ರ ಯಾಕೆ ಕೈಕೊಟ್ಟಿತು? ಉತ್ತರ ಹೊಳೆಯಲು ನನಗೆ ಎರಡು ದಿನ ಹಿಡಿಯಿತು. ಮುತ್ತುಗ, ಹಾಲುವಾಣ ಎರಡೂ ಅವರೆಯ ಕುಟುಂಬದವು. ಅವರೆ ಗಿಡ ನೆನಪಿಸಿಕೊಳ್ಳಿ, ಅದಕ್ಕೂ ಒಂದು ತೊಟ್ಟಿಗೆ ಮೂರೆಲೆ ತಾನೆ? ಅಂದರೆ ಈ ಮೂರು ಮರಗಳ ನಡುವೆ ಮೂರೆಲೆ ಹೇಳುವುದು ಕುಟುಂಬದ ಗುರುತನ್ನು, ಮರದ ಗುರುತನ್ನಲ್ಲ. ಅದರಿಂದ ಹೊರಗುಳಿಯುವುದು ಬೂರುಗ ಒಂದೇ. ಅದರ ಎಲೆ ಅಂಗೈಯಂತೆ, ಒಂದೇ ಬಿಂದುವಿನಿಂದ ಐದಾರು ಬೆರಳು ಚಾಚಿರುತ್ತದೆ.

ಮುಳ್ಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಬೂರುಗದ ಎಳೆ ಕಾಂಡದ ಮೇಲೂ ಶಂಕುವಿನಂಥ ದಪ್ಪ ಮುಳ್ಳುಗಳಿವೆ, ಮುದಿ ಮರದ ಬುಡದಲ್ಲಿ ಅವು ಸವೆದಿರುತ್ತವೆ. ಮುಳ್ಳು ಕಂಡರೆ ಮುತ್ತುಗ ಅಲ್ಲ, ಅಷ್ಟೇ.

ಈಗ ನನ್ನ ಅಚ್ಚುಮೆಚ್ಚಿನ ಅಡ್ಡದಾರಿ: ಬಿದ್ದ ಹೂವೊಂದನ್ನು ಎತ್ತಿಕೊಂಡು 'ಕೇಸರ (ಹೂವಿನೊಳಗಿನ ಪರಾಗ ಹೊತ್ತ ಎಳೆಗಳು) ಎಲ್ಲಿದೆ?' ಅಂತ ಕೇಳಿ.

ಅವರೆ ಹೂವಿಗೆ ಒಂದು ದೊಡ್ಡ ದಳ, ಪಕ್ಕದಲ್ಲಿ ಎರಡು, ಕೆಳಗೆ ಕೂಡಿಕೊಂಡು ದೋಣಿಯಾದ ಇನ್ನೆರಡು. ಮುತ್ತುಗದಲ್ಲಿ ಆ ದೋಣಿ ಉದ್ದಕ್ಕೆ ಬೆಳೆದು ಗಿಳಿಯ ಕೊಕ್ಕಿನಂತೆ ಬಾಗಿದೆ, ಕೇಸರಗಳು ಅದರೊಳಗೇ ಅಡಗಿವೆ. ಉಗುರಿನಿಂದ ಬಿಡಿಸಿದರೆ ಮಾತ್ರ ಕಾಣುತ್ತವೆ. (ಸಂಸ್ಕೃತದಲ್ಲಿ ಇದಕ್ಕೆ 'ಕಿಂಶುಕ', ಗಿಳಿಯೇ ಎಂಬ ಪ್ರಶ್ನೆ ಹೆಸರಲ್ಲೇ ಇದೆ!) ಹಾಲುವಾಣದಲ್ಲಿ ಮೇಲಿನ ದಳ ಮಾತ್ರ ದೊಡ್ಡದು, ದೋಣಿ ಪುಟಾಣಿ. ಹಾಗಾಗಿ ಕೇಸರಗಳು ಹೊರಗೇ ಚಾಚಿಕೊಂಡಿವೆ. ಬೂರುಗದಲ್ಲಿ ದೋಣಿಯೇ ಇಲ್ಲ. ಐದು ದಪ್ಪ ದಳದ ಬಟ್ಟಲಿನ ನಡುವೆ ಕೇಸರಗಳ ದೊಡ್ಡ ಕುಂಚ. ಅಡಗಿದ್ದರೆ ಮುತ್ತುಗ, ಇಣುಕಿದ್ದರೆ ಹಾಲುವಾಣ, ಕುಂಚವಾದರೆ ಬೂರುಗ. ಆಮೇಲೆ ಹತ್ತು ಮರ ನೋಡಿದೆ, ಒಂದೂ ತಪ್ಪಲಿಲ್ಲ.

ಹಕ್ಕಿಗಳ ಬಗ್ಗೆ ಒಂದೇ ಮಾತು. ಮೈಮೇಲೆ ಬಿಳಿ ಚುಕ್ಕಿಯಿರುವ ಕಂದು ಹಕ್ಕಿ ಬೇರೆ ಜಾತಿಯದಲ್ಲ, ಹೆಣ್ಣು ಕೋಗಿಲೆ. 'ಕುಹೂ' ಅನ್ನುವುದು ಕೆಂಗಣ್ಣಿನ ಕಪ್ಪು ಗಂಡು.

ಎಕ್ಕದ ಎಲೆಯಡಿ ಒಂದು ಹುಳ ಸಿಕ್ಕಿತು: ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಮೀಸೆ. ಎಕ್ಕದ ಹಾಲಿನ ವಿಷ ಅದರ ಮೈಯಲ್ಲೇ ಉಳಿಯುವುದರಿಂದ ಹಕ್ಕಿಗಳು ಮುಟ್ಟಲು ಹಿಂಜರಿಯುತ್ತವೆ. ಮುಂದೆ ಅದು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ.

ಹೂ ಮುಗಿದ ಮೇಲೆ ಹೋಗುವವರು ಕಾಯಿ ನೋಡಿ. ಮುತ್ತುಗದ ಚಪ್ಪಟೆ ಕಾಯಿಯಲ್ಲಿ ಬೀಜ ಒಂದೇ, ಅದೂ ತುದಿಯಲ್ಲಿ. ಬೂರುಗದ ಕಾಯಿ ಒಡೆದರೆ ಹತ್ತಿ. ಹಾಲುವಾಣದ್ದು ಮಣಿ ಪೋಣಿಸಿದಂಥ ಉದ್ದ ಕಾಯಿ.