ಓದುಗರ ಪ್ರಶ್ನೆ: ಮೂಲೆ ಸೇರಿದ ಅಟ್ಲಾಸ್ ಸೈಕಲ್‌ಗೆ ಮೊದಲು ಏನು ಮಾಡಿಸಬೇಕು?

"ನಮ್ಮಪ್ಪ ಓಡಿಸುತ್ತಿದ್ದ ಅಟ್ಲಾಸ್ ಸೈಕಲ್ ವರ್ಷಗಟ್ಟಲೆ ಮೂಲೆಯಲ್ಲಿ ನಿಂತು ತುಕ್ಕು ಹಿಡಿದಿದೆ. ಜಾಸ್ತಿ ದುಡ್ಡಿಲ್ಲ. ಪೇಂಟ್ ಹೊಡೆಸಿ ಓಡಿಸಬಹುದಾ? ಕಂಪನಿ ಮುಚ್ಚಿದೆ ಅಂತಾರೆ, ಸಾಮಾನು ಸಿಗುತ್ತಾ?"
- ಓದುಗರೊಬ್ಬರು, ಕಲಬುರಗಿ

ಸಾಮಾನು ಸಿಗುತ್ತದೆ, ಆ ಚಿಂತೆ ಬಿಡಿ. ದೆಹಲಿ ಹತ್ತಿರದ ಸಾಹಿಬಾಬಾದ್‌ನಲ್ಲಿದ್ದ ಅಟ್ಲಾಸ್ ಕಾರ್ಖಾನೆ 2020ರ ಜೂನ್‌ನಲ್ಲಿ ನಿಂತಿತು, ನಿಜ. ಆದರೆ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಯಾವುದೇ ಇರಲಿ, ರಾಡ್ ಬ್ರೇಕಿನ ಕರಿ ಸೈಕಲ್‌ಗಳ ಅಳತೆ ಹೆಚ್ಚುಕಮ್ಮಿ ಒಂದೇ. ಲುಧಿಯಾನಾದಲ್ಲಿ ತಯಾರಾಗುವ ಬಿಡಿಭಾಗಗಳು ಎಲ್ಲದಕ್ಕೂ ಹೊಂದುತ್ತವೆ.

ಪೇಂಟ್ ಮಾತ್ರ ಬೇಡ. ದುಡ್ಡು ಕಡಿಮೆ ಇದ್ದಾಗ ಅದಕ್ಕೆ ಕೈ ಹಾಕಲೇಬಾರದು. ಬಣ್ಣ ಹೊಸದಾದರೂ ಗಾಲಿಯ ನಡುವಿನ ಹಬ್ ಒಳಗೆ ಗ್ರೀಸ್ ಒಣಗಿದ್ದರೆ ಪೆಡಲ್ ತುಳಿಯುವುದು ಕಷ್ಟವೇ. ಮೇಲಾಗಿ ಹಳೆ ಬಣ್ಣದ ಮೇಲಿನ ಬಂಗಾರದ ಗೆರೆ, ಕಂಪನಿಯ ಗುರುತು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಸ್ಯಾಂಡ್ ಪೇಪರ್ ಹಾಕಿದರೆ ಕ್ರೋಮೇ ಕಿತ್ತು ಬರುತ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಫ್ರೇಮ್ ನೋಡಬೇಕು. ಹ್ಯಾಂಡಲ್ ಕೆಳಗೆ ಪೈಪುಗಳು ಕೂಡುವ ಜಾಗದಲ್ಲಿ ಸುಕ್ಕು ಅಥವಾ ಬಿರುಕು ಇದೆಯೇ? ಇದ್ದರೆ ಯಾವಾಗಲೋ ಜೋರಾಗಿ ಗುದ್ದಿದೆ ಎಂದರ್ಥ. ಆಮೇಲೆ ಒಂದು ದಾರ ತೆಗೆದುಕೊಳ್ಳಿ. ಹಿಂದಿನ ಗಾಲಿ ಕೂರುವ ಕಡೆ ಒಂದು ತುದಿ ಕಟ್ಟಿ. ದಾರವನ್ನು ಹ್ಯಾಂಡಲ್ ಕೆಳಗಿನ ಪೈಪಿಗೆ ಸುತ್ತಿಸಿ ತಂದು ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಒಂದೇ ಬಂದರೆ ಫ್ರೇಮ್ ನೆಟ್ಟಗಿದೆ. ಪೈಪಿನಲ್ಲಿ ಬಿರುಕು ಕಂಡರೆ ಓಡಿಸುವ ಆಸೆ ಬಿಡಿ. ಅಪ್ಪನ ನೆನಪಿಗೆ ಮನೆಯಲ್ಲೇ ಇರಲಿ.

ಫ್ರೇಮ್ ಚೆನ್ನಾಗಿದ್ದರೆ ಓವರಾಯಿಲಿಂಗ್ ಮಾಡಿಸಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲವೇ, ನಿಂತ ಸೈಕಲ್‌ನ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಮುಂದಿನ ಹಬ್, ಹಿಂದಿನ ಹಬ್, ಪೆಡಲ್ ಆಕ್ಸಲ್, ಹ್ಯಾಂಡಲ್ ಎಲ್ಲವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಳಗೆ ಉರುಳುವ ಉಕ್ಕಿನ ಗುಂಡುಗಳನ್ನು, ಅಂದರೆ ಬಾಲ್‌ಗಳನ್ನು, ಹೊಸದಾಗಿ ಹಾಕಬೇಕು. ಹಿಂದಿನ ಹಬ್‌ಗೆ ಸಾಮಾನ್ಯವಾಗಿ ಕಾಲಿಂಚಿನ ಬಾಲ್, ಬದಿಗೆ 9. ಹಳೆಯದು ಹೊಳೆಯುತ್ತಿದೆ ಎಂದು ಅದನ್ನೇ ಹಾಕಬೇಡಿ, ಬಾಲ್ ಅಗ್ಗದ ಸಾಮಾನು. ನೀವೇ ಬಿಚ್ಚುವುದಾದರೆ ಒಂದು ಮಾತು: ಎಡ ಪೆಡಲ್‌ನ ಥ್ರೆಡ್ ಉಲ್ಟಾ. ಬೇರೆ ನಟ್‌ಗಳ ಹಾಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ.

ಜಾಸ್ತಿ ದುಡ್ಡು ಹೋಗುವುದು ಟೈರ್, ಟ್ಯೂಬ್‌ಗೆ. ಅಲ್ಲಿ ಉಳಿಸಲು ಹೋಗಬೇಡಿ. ಬಿರಿದ ಟೈರ್ ಎಂದು ಒಡೆಯುತ್ತದೋ ಹೇಳಲಾಗದು. ಅಂಗಡಿಯಲ್ಲಿ ಬರೀ "28" ಎಂದು ಕೇಳಬೇಡಿ, ಆ ಹೆಸರಿನಲ್ಲಿ ಬೇರೆ ಬೇರೆ ಅಳತೆಗಳಿವೆ. ದೊಡ್ಡ ಕರಿ ಸೈಕಲ್‌ಗೆ ಬೇಕಾದದ್ದು 28 x 1½. ಟೈರಿನ ಮಗ್ಗುಲಲ್ಲಿ 635 ಎಂಬ ಅಂಕಿ ಇದೆಯೇ ನೋಡಿ. ರಿಮ್ ಸ್ವಲ್ಪ ಓಲಾಡಿದರೆ ಮೇಸ್ತ್ರಿ ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆಯುತ್ತಾರೆ, ಹೊಸ ರಿಮ್ ಬೇಕಿಲ್ಲ. ಬ್ರೇಕ್ ರಬ್ಬರ್ ನಾಲ್ಕನ್ನೂ ಬದಲಿಸಿ. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದು ತುಂಬಾ ಕಡಿಮೆ. ಮಳೆಯಲ್ಲಿ ಬಹಳ ಮೊದಲೇ ಒತ್ತಬೇಕು, ಮಕ್ಕಳಿಗೆ ಸೈಕಲ್ ಕೊಡುವ ಮುಂಚೆ ಇದನ್ನು ಹೇಳಿಕೊಡಿ.

ಎರೆಮಣ್ಣಿನ ದಾರಿಯಲ್ಲಿ ಓಡಿಸಿದರೆ ಮಡ್‌ಗಾರ್ಡ್ ಒಳಗೆ ಕೆಸರು ಕಟ್ಟುತ್ತದೆ. ಕಡ್ಡಿಯಿಂದ ಕೆರೆದು ತೆಗೆಯಿರಿ. ಬೈಕ್ ತೊಳೆಯುವ ಕಡೆ ಒಯ್ದು ಪ್ರೆಷರ್ ನೀರು ಹೊಡೆಸಿದರೆ ಹಬ್ ಒಳಗೆ ನೀರು ಹೋಗಿ ಹೊಸ ಗ್ರೀಸ್ ಹಾಳಾಗುತ್ತದೆ.

ಮೊದಲ ವಾರ ಓಡಿಸಿದ ಮೇಲೆ ಅದೇ ಮೇಸ್ತ್ರಿ ಹತ್ತಿರ ಮತ್ತೆ ಹೋಗಿ. ಪೆಡಲ್ ಕಾಲುಗಳನ್ನು ಹಿಡಿಯುವ ಕಾಟರ್ ಪಿನ್ ಹೊಸದಿದ್ದಾಗ ತುಳಿತಕ್ಕೆ ಸ್ವಲ್ಪ ಕೂತು ಸಡಿಲವಾಗುತ್ತದೆ. ತುಳಿಯುವಾಗ ಟಕ್ ಟಕ್ ಎಂದರೆ ಅದೇ. ಆಗಲೇ ಒಂದೆರಡು ಪೆಟ್ಟು ಹೊಡೆದು ನಟ್ ಬಿಗಿಸಿದರೆ ಪೆಡಲ್ ಕಾಲು ಕೆಡುವುದಿಲ್ಲ.