ಹುಣಸೆಯ ಕೈಗುಣ, ಮಳೆಗಾಲದ ಫ್ಲಾಸ್ಕು

ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ ಶಿವಮೊಗ್ಗದ ನಮ್ಮ ಪ್ರಯೋಗಾಲಯಕ್ಕೆ ಬಂದ ಮೊದಲ ವಾರವೇ ಕೇಳಿದ್ದ: "ಸರ್, ನಮ್ಮ ತೋಟದ ಬೇಲಿ ತುಂಬ ನಸುಗುನ್ನಿ ಬಳ್ಳಿ. ಅದರ ಬೀಜದಲ್ಲೇ ಪಾರ್ಕಿನ್ಸನ್ ಕಾಯಿಲೆಯ ಔಷಧಿ ಇದೆಯಂತಲ್ಲ. ಮತ್ತೆ ಅದನ್ನ ಫ್ಲಾಸ್ಕಲ್ಲಿ ಮಾಡೋ ಕಷ್ಟ ಯಾಕೆ?"

ಕೇಳಲೇಬೇಕಾದ ಪ್ರಶ್ನೆ. ಆ ಔಷಧಿ ಎಲ್-ಡೋಪಾ. ನಸುಗುನ್ನಿ ಬೀಜದಿಂದ ಅದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿದ್ದರು. ಆದರೆ ಬೀಜದ ತೂಕದಲ್ಲಿ ಅದರ ಪಾಲು ನೂರಕ್ಕೆ ಕೆಲವೇ ಭಾಗ. ಜಗತ್ತಿನ ರೋಗಿಗಳಿಗೆಲ್ಲ ಬೇಲಿಯ ಬಳ್ಳಿ ಸಾಲದು.

ಹಾಗಾದರೆ ಫ್ಲಾಸ್ಕಿನಲ್ಲಿ ಮಾಡಿದರಾಯಿತಲ್ಲ? ತೊಡಕು ಇರುವುದು ಅಲ್ಲೇ. ಡೋಪಾ ಅಣುವಿಗೆ ಎಡ, ಬಲ ಎಂದು ಎರಡು ರೂಪ. ಒಂದು ಇನ್ನೊಂದರ ಕನ್ನಡಿ ಬಿಂಬ. ಬಲಗೈಯವರಿಗೆಂದು ಹಲ್ಲು ಕೊರೆದ ಕುಡುಗೋಲನ್ನು ಎಡಚನ ಕೈಗೆ ಕೊಟ್ಟು ಗದ್ದೆಗಿಳಿಸಿ ನೋಡಿ. ಕಬ್ಬಿಣ ಅದೇ, ಹಿಡಿ ಅದೇ, ಕೊಯ್ಲು ಮಾತ್ರ ಸಾಗದು. ನಮ್ಮ ಮೈಯೂ ಹಾಗೆಯೇ ಒಂದು ಕೈಯನ್ನಷ್ಟೇ ಒಪ್ಪುತ್ತದೆ. ನಸುಗುನ್ನಿ ಎಡಗೈ ರೂಪವನ್ನು ಮಾತ್ರ ಕಟ್ಟುತ್ತದೆ. ಸಾಮಾನ್ಯ ರಾಸಾಯನಿಕ ಕ್ರಿಯೆಯಲ್ಲಾದರೆ ಎರಡೂ ಅರ್ಧರ್ಧ ಹುಟ್ಟುತ್ತವೆ. ಅರ್ಧ ಮಾಲು, ಅದಕ್ಕೆ ಸುರಿದ ದ್ರಾವಕ, ವಿದ್ಯುತ್ತು, ದುಡಿಮೆ ಎಲ್ಲ ವ್ಯರ್ಥ. ಈ ನಷ್ಟ ನೋಡಿದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಬೇಕಾದ ಕೈಯನ್ನಷ್ಟೇ ಹುಟ್ಟಿಸುವ ವಿದ್ಯೆಗೆ ಅಸಮ್ಮಿತ ಸಂಶ್ಲೇಷಣೆ ಎನ್ನುತ್ತಾರೆ. ಎಲ್-ಡೋಪಾ ವಿಷಯದಲ್ಲಿ ಅದನ್ನು ಸಾಧಿಸಿದವರು ವಿಲಿಯಂ ನೋಲ್ಸ್. ರೋಡಿಯಂ ಲೋಹದ ಪರಮಾಣುವಿಗೆ ಎಡ-ಬಲ ಭೇದವುಳ್ಳ ರಂಜಕದ ಸಂಯುಕ್ತವೊಂದನ್ನು ಕಟ್ಟಿ ಕ್ರಿಯಾವರ್ಧಕ ಮಾಡಿಕೊಂಡರು. ನೂರು ಅಣುಗಳಲ್ಲಿ ಹೆಚ್ಚುಕಡಿಮೆ 97 ಎಡಗೈಯವೇ ಬಂದವು. ಉಳಿದದ್ದನ್ನು ಹರಳುಗಟ್ಟಿಸಿ ಕಳೆದರು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರ ಜೊತೆ ರ್‍ಯೋಜಿ ನೊಯೊರಿ, ಬ್ಯಾರಿ ಶಾರ್ಪ್‌ಲೆಸ್ ಕೂಡ ಪಾಲುದಾರರು.

ನಮಗೆ ಹತ್ತಿರದವರು ಶಾರ್ಪ್‌ಲೆಸ್. 1980ರಲ್ಲಿ ಅವರು ಮತ್ತು ಕತ್ಸುಕಿ ಪ್ರಕಟಿಸಿದ್ದು ಎಪಾಕ್ಸೈಡ್, ಅಂದರೆ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಪುಟ್ಟ ಉಂಗುರವುಳ್ಳ ಅಣು, ಮಾಡುವ ವಿಧಾನ. ಅದರಲ್ಲಿ ಎಡ-ಬಲ ತಿಳಿಸಿಕೊಡುವುದು ಟಾರ್ಟಾರಿಕ್ ಆಮ್ಲದ ಎಸ್ಟರ್, ಎಂದರೆ ಆಮ್ಲಕ್ಕೆ ಆಲ್ಕೊಹಾಲ್ ಬೆಸೆದ ರೂಪ. ನಾವು ಸಾರಿಗೆ ಕಿವುಚುವ ಹುಣಸೆಹಣ್ಣಿನ ಹುಳಿ ಬಹುಪಾಲು ಇದೇ ಟಾರ್ಟಾರಿಕ್ ಆಮ್ಲ, ಅದೂ ಒಂದೇ ಕೈಯದ್ದು. ಎಡ-ಬಲದ ಸುಳಿವೇ ಇಲ್ಲದ ಕಡೆ ಒಂದು ಕೈ ಮಾತ್ರ ಮೇಲಾಗಿ ಹುಟ್ಟುವುದಿಲ್ಲ, ಅದನ್ನು ಎಲ್ಲಿಂದಲಾದರೂ ತರಬೇಕು. ಈ ವಿಧಾನದಲ್ಲಿ ಹಣ್ಣಿನಲ್ಲಿರುವ ಆಮ್ಲವೇ ಅದನ್ನು ಕ್ರಿಯೆ ನಡೆಸುವ ಟೈಟಾನಿಯಂ ಲೋಹಕ್ಕೆ ಕೊಡುತ್ತದೆ, ಟೈಟಾನಿಯಂ ಹುಟ್ಟುವ ಅಣುಗಳಿಗೆ ದಾಟಿಸುತ್ತದೆ. ಟಾರ್ಟಾರಿಕ್ ಆಮ್ಲದ ಕನ್ನಡಿ ರೂಪ ಹಾಕಿದರೆ ಸಿಗುವ ಎಪಾಕ್ಸೈಡೂ ಕನ್ನಡಿ ರೂಪದ್ದೇ.

ಇನ್ನು ನಮ್ಮ ಮಳೆಯ ಮಾತು. ಆ ಟೈಟಾನಿಯಂ ಒದಗಿಸುವ ದ್ರವ ಟೈಟಾನಿಯಂ ಐಸೊಪ್ರೊಪಾಕ್ಸೈಡ್, ಅದಕ್ಕೆ ನೀರು ಕಂಡರಾಗದು. ಒಂದು ಜುಲೈಯಲ್ಲಿ, ಹೊರಗೆ ವಾರದಿಂದ ಬಿಡದೆ ಹೊಯ್ಯುತ್ತಿದ್ದಾಗ, ಸಿರಿಂಜಿನಿಂದ ಅದನ್ನು ಬಿಡುತ್ತಿದ್ದಂತೆಯೇ ಸೂಜಿಯ ತುದಿಯಲ್ಲಿ ಸುಣ್ಣದಂಥ ಬಿಳಿ ಕಟ್ಟಿತು. ತಿಳಿಯಾಗಿರಬೇಕಿದ್ದ ಫ್ಲಾಸ್ಕು ಅಕ್ಕಿ ತೊಳೆದ ನೀರಿನಂತಾಯಿತು. ಎಪಾಕ್ಸೈಡ್ ಬಂದದ್ದೂ ಸ್ವಲ್ಪವೇ. ಕೊಳವೆಗೆ ತುಂಬಿ, ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಅಣುಗಳು ಬೆಳಕಿನ ಕಂಪನದ ದಿಕ್ಕನ್ನು ಎಷ್ಟು ತಿರುಗಿಸುತ್ತವೆ ಎಂದು ಅಳೆಯುವ ಪೋಲಾರಿಮೀಟರಿಗೆ ಕಣ್ಣಿಟ್ಟರೆ ಮುಳ್ಳು ಸೊನ್ನೆಯ ಆಸುಪಾಸೇ. ಎಡ-ಬಲ ಸಮಸಮ ಇದ್ದರೆ ಒಂದು ತಿರುಗಿಸಿದ ಬೆಳಕನ್ನು ಇನ್ನೊಂದು ಹಿಂದಕ್ಕೆ ತಿರುಗಿಸಿಬಿಡುತ್ತದೆ.

ಶಾರ್ಪ್‌ಲೆಸ್ ತಂಡವೇ ಮುಂದೆ ಇದಕ್ಕೆ ದಾರಿ ತೋರಿಸಿತ್ತು: ನೀರು ಹೀರುವ ಪುಡಿ, ಮಾಲಿಕ್ಯುಲರ್ ಸೀವ್. ಅದಿದ್ದರೆ ಮೂಲ ವಸ್ತುವಿನ ನೂರು ಅಣುಗಳಿಗೆ ಟೈಟಾನಿಯಂ ಐದರಿಂದ ಹತ್ತು ಇದ್ದರೂ ಸಾಕು. ಪುಡಿಯನ್ನು ನಾವೂ ಹಾಕಿದ್ದೆವು, ಆದರೆ ಡಬ್ಬಿಯಿಂದ ನೇರವಾಗಿ. ಮಲೆನಾಡಿನ ಗಾಳಿಯಲ್ಲಿ ಅದು ಆಗಲೇ ನೀರು ಕುಡಿದು ಕೂತಿತ್ತು.

ಆಗಸ್ಟಿನಲ್ಲಿ ಅದೇ ತೀರ್ಥಹಳ್ಳಿ ಹುಡುಗ ರಾತ್ರಿಯಿಡೀ ಪುಡಿಯನ್ನು ನಿರ್ವಾತದಲ್ಲಿ ಕಾಯಿಸಿ, ಗಾಜಿನ ಸಾಮಾನೆಲ್ಲ ಒಲೆಯಲ್ಲಿಟ್ಟು ಒಣಗಿಸಿ, ಬೆಳಿಗ್ಗೆ ಬಿಸಿಯಿರುವಾಗಲೇ ಆರ್ಗಾನ್ ತುಂಬಿದ. ಫ್ಲಾಸ್ಕು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಸಂಜೆಯವರೆಗೂ ತಿಳಿಯಾಗಿಯೇ ಇತ್ತು. ಪೋಲಾರಿಮೀಟರ್ ಕೋಣೆಯ ದೀಪ ಆರಿಸಿ ಒಬ್ಬನೇ ಕೂತಿದ್ದವನು ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದ: "ಸರ್, ತಿರುಗ್ತಾ ಇದೆ!"