ಕಿವಿಯೊಳಗೆ ಟಿಕ್ ಟಿಕ್ ಅಂತಿದೆಯಾ? ಯಾವಾಗ ಅನ್ನೋದನ್ನ ಮೊದಲು ಗಮನಿಸಿ

ಮಂಡ್ಯ ಹತ್ತಿರದ ನಮ್ಮೂರಲ್ಲಿ ರಾತ್ರಿ ಕರೆಂಟು ಹೋದರೆ ಪಂಪ್‌ಸೆಟ್ಟು, ಟಿವಿ, ಫ್ಯಾನು ಎಲ್ಲಾ ಒಟ್ಟಿಗೆ ನಿಂತುಬಿಡುತ್ತವೆ. ಅಂಥ ಒಂದು ರಾತ್ರಿ ನಮ್ಮ ದೊಡ್ಡಮ್ಮ ಜಗಲಿ ಮೇಲೆ ಕೂತು, "ಕಿವಿ ಒಳಕ್ಕೆ ಯಾರೋ ಗಡಿಯಾರ ಮಡಗವ್ರೆ ಕಣ್ಲಾ" ಅಂದರು. ಆರು ತಿಂಗಳಿಂದ ಹೇಳುತ್ತಲೇ ಇದ್ದರಂತೆ. ಮನೆಯವರೆಲ್ಲ ವಯಸ್ಸಾಯ್ತು, ಸುಮ್ನಿರು ಅಂದಿದ್ದರು. ತೋರಿಸಿದ ಒಬ್ಬ ಡಾಕ್ಟರೂ ಅದೇ ಮಾತು ಹೇಳಿ ವಿಟಮಿನ್ ಮಾತ್ರೆ ಬರೆದುಕೊಟ್ಟಿದ್ದರು. ನಾನು ಅವರ ಕಿವಿಗೆ ನನ್ನ ಕಿವಿ ಒತ್ತಿ ಹಿಡಿದೆ. ಟಿಕ್. ಟಿಕ್. ಟಿಕ್. ನನಗೂ ಕೇಳಿಸಿತು.

ಕಿವಿಯಲ್ಲಿ ಗುಂಯ್ ಅನ್ನೋದು ಬೇರೆ, ಟಿಕ್ ಟಿಕ್ ಅನ್ನೋದು ಬೇರೆ. ಗುಂಯ್ ಅನ್ನೋದು ಸಾಮಾನ್ಯವಾಗಿ ಹೊರಗಿನವರಿಗೆ ಕೇಳಿಸೋದಿಲ್ಲ, ಯಾಕಂದ್ರೆ ಅಲ್ಲಿ ನಿಜವಾದ ಶಬ್ದ ಇರೋದಿಲ್ಲ, ನರ ಮತ್ತು ಮಿದುಳು ಸೇರಿ ಹುಟ್ಟಿಸುವ ಅನುಭವ ಅದು. ಟಿಕ್ ಟಿಕ್ ಹಾಗಲ್ಲ. ಬಹಳ ಸಲ ಅಲ್ಲಿ ಏನೋ ಒಂದು ನಿಜವಾಗಿಯೂ ಅಲುಗಾಡುತ್ತಿರುತ್ತದೆ: ಒಂದು ಸ್ನಾಯು, ಒಂದು ಕೀಲು, ಇಲ್ಲಾ ಒಂದು ಕೊಳವೆ. ಹಾಗಾಗಿ ಮನೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ಭ್ರಮೆ ಅಂತ ತಳ್ಳಿಹಾಕಬೇಡಿ. ಶಬ್ದ ಯಾವಾಗ ಬರುತ್ತೆ ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಎಂಜಲು ನುಂಗಿದಾಗ, ಆಕಳಿಸಿದಾಗ ಮಾತ್ರ ಟಕ್ ಅಂದ್ರೆ ಅದು ಯೂಸ್ಟೇಷಿಯನ್ ಕೊಳವೆ. ಕಿವಿಯ ನಡುಭಾಗದಿಂದ ಮೂಗಿನ ಹಿಂಭಾಗಕ್ಕೆ ಹೋಗುವ ಈ ಕೊಳವೆ ದೊಡ್ಡವರಲ್ಲಿ ಸುಮಾರು 3.5 ಸೆಂಟಿಮೀಟರ್ ಉದ್ದ ಇರುತ್ತದೆ. 16ನೇ ಶತಮಾನದ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯೂಸ್ಟಾಕಿಯ ಹೆಸರು ಇದಕ್ಕೆ. ಹೆಚ್ಚು ಹೊತ್ತು ಮುಚ್ಚಿಕೊಂಡೇ ಇರುತ್ತದೆ, ನುಂಗಿದಾಗ ಅರೆಕ್ಷಣ ತೆರೆಯುತ್ತದೆ. ಒಳಗೋಡೆ ತೇವವಾಗಿರುವುದರಿಂದ, ಅಂಟಿಕೊಂಡ ಎರಡು ಒದ್ದೆ ಬಾಳೆಎಲೆ ಬಿಡಿಸಿದ ಹಾಗೆ, ಚಟ್ ಅಂತ ಬಿಟ್ಟುಕೊಳ್ಳುತ್ತದೆ. ಮೈಸೂರಿಂದ ಬಸ್ಸಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ಕಿವಿ ಕಟ್ಟಿ ಆಮೇಲೆ ಟಪ್ ಅಂತ ಬಿಡುತ್ತಲ್ವಾ, ಅದೂ ಇದೇ. ಸುಮಾರು 300 ಮೀಟರ್ ಮೇಲೆ ಹೋಗೋಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿರುತ್ತದೆ, ಕೊಳವೆ ತೆರೆದು ಒಳಗಿನ ಒತ್ತಡವನ್ನು ಅದಕ್ಕೆ ಸರಿದೂಗಿಸುತ್ತದೆ. ನೆಗಡಿ, ಅಲರ್ಜಿ ಇದ್ದರೆ ಕೊಳವೆಯ ಬಾಯಿ ಊದಿಕೊಂಡು ಈ ಟಕ್ ಟಕ್ ಜಾಸ್ತಿಯಾಗುತ್ತೆ. ನೆಗಡಿ ಹೋದಮೇಲೆ ಹೆಚ್ಚಾಗಿ ಅದೂ ಹೋಗುತ್ತೆ. ಮೂಗು ಮುಚ್ಚಿಕೊಂಡು ಜೋರಾಗಿ ಊದಬೇಡಿ, ನೆಗಡಿ ಇದ್ದಾಗಂತೂ ಬೇಡವೇ ಬೇಡ.

ಅಗಿಯುವಾಗ, ಬಾಯಿ ದೊಡ್ಡದಾಗಿ ತೆರೆದಾಗ ಲಟಕ್ ಅಂದ್ರೆ ಅದು ದವಡೆ ಕೀಲು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಬೆರಳಿಗೇ ಗೊತ್ತಾಗುತ್ತೆ. ಕೀಲಿನ ನಡುವೆ ಮೆತ್ತೆಯಂಥ ಒಂದು ತಟ್ಟೆ ಇದೆ, ಅದು ಜಾಗ ಬಿಟ್ಟು ಜಾರಿದಾಗ ಈ ಶಬ್ದ. ನಮ್ಮ ಕಡೆ ಸಂಕ್ರಾಂತಿ ಹೊತ್ತಿಗೆ ಹಲ್ಲಲ್ಲೇ ಸಿಪ್ಪೆ ಸುಲಿದು ಕಬ್ಬು ಅಗಿಯುತ್ತೇವಲ್ಲ, ಮೊದಲೇ ಸೋತಿರುವ ದವಡೆಗೆ ಅದು ದೊಡ್ಡ ಭಾರ. ನೋವಿಲ್ಲದೆ ಬರೀ ಶಬ್ದ ಇದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗಿಲ್ಲ. ನೋವಿದ್ದರೆ ಸ್ವಲ್ಪ ದಿನ ಮೆತ್ತಗಿನ ಊಟ ಮಾಡಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಿ. ಬಾಯಿ ಪೂರ್ತಿ ತೆರೆಯೋಕೆ ಆಗದಿದ್ದರೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಹಲ್ಲಿನ ಡಾಕ್ಟರನ್ನು ನೋಡಬೇಕು.

ತಲೆ ಅಲ್ಲಾಡಿಸಿದಾಗ ಪರಪರ ಅಂದ್ರೆ ಒಣಗಿದ ಗುಗ್ಗೆ ಇರಬಹುದು, ಇಲ್ಲಾ ಕಟಿಂಗ್ ಮಾಡಿಸಿದಾಗ ಒಳಗೆ ಬಿದ್ದ ಒಂದು ಕೂದಲು ಕಿವಿಯ ತಮಟೆಗೆ ತಾಗುತ್ತಿರಬಹುದು. ಒಂದೇ ಕೂದಲಾದರೂ ಆ ಶಬ್ದ ದೊಡ್ಡದಾಗಿ ಕೇಳುತ್ತೆ. ಡಾಕ್ಟರಿಗೆ ಇದನ್ನು ತೆಗೆಯೋದು ಸಣ್ಣ ಕೆಲಸ. ನಾವೇ ಪಿನ್ನು, ಬೆಂಕಿಕಡ್ಡಿ, ಬಡ್ಸ್ ಹಾಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತೆ, ತಮಟೆ ಹರಿಯಲೂಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ರೂಢಿಯೂ ನಮ್ಮಲ್ಲಿದೆ. ತಮಟೆಯಲ್ಲಿ ಮೊದಲೇ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿಯುತ್ತದೆ, ಬಿಸಿ ಜಾಸ್ತಿಯಾದರೆ ಸುಡುತ್ತದೆ.

ಇನ್ನು ದೊಡ್ಡಮ್ಮನ ವಿಷಯ. ನುಂಗದಿದ್ದರೂ, ಅಗಿಯದಿದ್ದರೂ, ಸುಮ್ನೆ ಕೂತಿದ್ದಾಗಲೂ ತಾಳ ಹಾಕಿದ ಹಾಗೆ ಬರುತ್ತಿತ್ತು. ಹೀಗಾದಾಗ ಅನುಮಾನ ಬರೋದು ಸ್ನಾಯುಗಳ ಮೇಲೆ. ನಡುಗಿವಿಯಲ್ಲಿ ಎರಡು ಪುಟ್ಟ ಸ್ನಾಯುಗಳಿವೆ. ಅದರಲ್ಲಿ ಸ್ಟೆಪಿಡಿಯಸ್ ಅನ್ನೋದು ಸುಮಾರು 6 ಮಿಲಿಮೀಟರ್ ಉದ್ದ, ಮೈಯಲ್ಲಿ ಮೂಳೆ ಎಳೆಯುವ ಸ್ನಾಯುಗಳಲ್ಲೆಲ್ಲ ಚಿಕ್ಕದು. ಅದು ಹಿಡಿದುಕೊಂಡಿರುವ ಮೂಳೆ ಇನ್ನೂ ಚಿಕ್ಕದು, ಸುಮಾರು 3 ಮಿಲಿಮೀಟರ್. ಜೋರು ಶಬ್ದ ಬಂದಾಗ ಮೂಳೆಯನ್ನು ಬಿಗಿಹಿಡಿದು ಒಳಗಿವಿಯನ್ನು ಕಾಯೋದು ಇದರ ಕೆಲಸ. ಇನ್ನೊಂದು ಸ್ನಾಯು ತಮಟೆಯನ್ನು ಬಿಗಿ ಮಾಡುತ್ತದೆ. ಕಣ್ಣಿನ ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಲ್ಲ, ಹಾಗೇ ಈ ಸ್ನಾಯುಗಳೂ ತಾವಾಗೇ ಅದುರಬಹುದು. ಕಿರುನಾಲಿಗೆ ಮೇಲಿನ ಮೆತ್ತನೆ ಅಂಗುಳದ ಸ್ನಾಯುವೂ ಅದುರಬಹುದು. ಅದು ಪ್ರತಿಸಲ ಎಳೆದಾಗಲೂ ಯೂಸ್ಟೇಷಿಯನ್ ಕೊಳವೆ ಚಟ್ ಅಂತ ತೆರೆಯುತ್ತದೆ, ಆ ಶಬ್ದ ಪಕ್ಕದವರಿಗೂ ಕೇಳುವಷ್ಟಿರಬಹುದು.

ಮೈಸೂರಲ್ಲಿ ತೋರಿಸಿದ ಕಿವಿ ಡಾಕ್ಟರು ಬಾಯಿ ತೆರೆಸಿ ನೋಡಿದರು, ಏನೂ ಕಾಣಲಿಲ್ಲ. ಬಾಯಿ ಅಗಲಿಸಿದಾಗ ಅದುರೋದು ಕೆಲವರಲ್ಲಿ ನಿಂತುಬಿಡುತ್ತೆ ಅಂದರು. ಆಮೇಲೆ ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಇಳಿಸಿದರು. ಪರದೆಯಲ್ಲಿ ನಾವೆಲ್ಲ ನೋಡಿದೆವು. ಅಂಗುಳ ಕುಣಿಯುತ್ತಿತ್ತು, ಪ್ರತಿ ಕುಣಿತಕ್ಕೂ ಒಂದು ಟಿಕ್. ದೊಡ್ಡಮ್ಮ "ನೋಡ್ದಾ, ನಾನ್ ಸುಳ್ ಹೇಳಿರ್ನಿಲ್ಲ" ಅಂತ ನನ್ನ ಕೈ ಹಿಡಿದುಕೊಂಡರು.

ಅಂಗುಳ ಅದುರಿದರೆ ಮಿದುಳಿನ ಎಂಆರ್‌ಐ ಮಾಡಿಸುತ್ತಾರೆ, ಯಾಕಂದ್ರೆ ಕೆಲವರಲ್ಲಿ ಮಿದುಳಿನ ಕಾಂಡಕ್ಕೆ, ಅಂದ್ರೆ ಮಿದುಳಿನ ಬುಡದ ಭಾಗಕ್ಕೆ, ಆದ ಹಾನಿಯಿಂದ ಹೀಗಾಗಿರುತ್ತದೆ. ಅಂಥವರಲ್ಲಿ ನಿದ್ದೆಯಲ್ಲೂ ಅದುರುತ್ತಲೇ ಇರಬಹುದು. ಕಾರಣ ಸಿಗದೆ ಬರುವ ಬಗೆ ಸಾಮಾನ್ಯವಾಗಿ ನಿದ್ದೆಯಲ್ಲಿ ನಿಲ್ಲುತ್ತದೆ. ಸ್ನಾಯು ಸಡಿಲಿಸುವ ಮಾತ್ರೆಗಳಿವೆ. ಅವುಗಳಲ್ಲಿ ಕ್ಲೋನಜೆಪಾಮ್‌ನಂಥವು ಅಭ್ಯಾಸವಾಗಿಬಿಡುತ್ತವೆ, ಹಾಗಾಗಿ ಡಾಕ್ಟರು ಹೇಳಿದಷ್ಟೇ. ಅಂಗುಳದ ಸ್ನಾಯುವಿಗೆ ಬೊಟಾಕ್ಸ್ ಚುಚ್ಚಿದರೆ ಕೆಲವು ತಿಂಗಳು ಶಬ್ದ ನಿಲ್ಲಬಹುದು, ಆದರೆ ಸ್ವಲ್ಪ ದಿನ ನುಂಗೋಕೆ ಕಷ್ಟ, ಮೂಗಲ್ಲಿ ಮಾತಾಡಿದಂಥ ದನಿ ಬರಬಹುದು. ತೊಂದರೆ ನಡುಗಿವಿಯ ಸ್ನಾಯುಗಳದ್ದಾದರೆ, ಔಷಧಿಗೆ ಬಗ್ಗದಿದ್ದಾಗ ಅವುಗಳ ನಾರನ್ನು ಕತ್ತರಿಸುವ ಆಪರೇಷನ್ನೂ ಇದೆ.

ನಾಡಿ ಹಿಡಿದು ನೋಡಿ ಶಬ್ದ ಅದರ ಜೊತೆಗೇ ಬಡಿಯುತ್ತಿದ್ದರೆ ಅದು ರಕ್ತನಾಳದ ಕಡೆಯ ವಿಷಯ, ತಪ್ಪದೆ ತೋರಿಸಬೇಕು. ಶಬ್ದದ ಜೊತೆ ತಲೆ ಸುತ್ತು, ಕಿವಿಯಲ್ಲಿ ಕೀವು ಇದ್ದರೂ ಅಷ್ಟೇ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಂತಾದರೆ ಅಥವಾ ಮುಖ ಸೊಟ್ಟಗಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಹೋಗಿ. ಕಿವಿ ಪರೀಕ್ಷೆಗೆ ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವ ಮುಂಚೆ ಒಂದು ವಾರ ಶಬ್ದ ಯಾವಾಗ ಬಂತು, ಆಗ ಏನು ಮಾಡುತ್ತಿದ್ದಿರಿ ಅಂತ ಚೀಟಿಯಲ್ಲಿ ಬರೆದಿಡಿ. ಸಾಧ್ಯವಾದರೆ ಮೊಬೈಲ್ ಕಿವಿ ಹತ್ತಿರ ಹಿಡಿದು ರೆಕಾರ್ಡ್ ಮಾಡಿಕೊಳ್ಳಿ.

ದೊಡ್ಡಮ್ಮನ ಎಂಆರ್‌ಐಯಲ್ಲಿ ಏನೂ ಇರಲಿಲ್ಲ. ನಿದ್ದೆಯಲ್ಲಿ ಶಬ್ದ ನಿಲ್ಲುತ್ತೆ ಅಂತ ನಾನೇ ಒಂದು ರಾತ್ರಿ ಪಕ್ಕದಲ್ಲಿ ಕೂತು ನೋಡಿದೆ. ಇಂಜೆಕ್ಷನ್ ಬೇಡ ಅಂದರು. ಈಗ ಬ್ಯಾಟರಿ ರೇಡಿಯೋ ಸಣ್ಣಗೆ ಹಾಕಿಕೊಂಡು ಮಲಗುತ್ತಾರೆ, ಕರೆಂಟು ಹೋದರೂ ಅದು ನಿಲ್ಲೋದಿಲ್ಲ.